ನದಿಯ ಲೆಕ್ಕದಲ್ಲಿ ಮರಳಿಗೂ ಒಂದು ಕಾಲಂ ಇರಲಿ

ನೀರಾವರಿ, ಸಣ್ಣ ನೀರಾವರಿ ಮತ್ತು ಗಣಿ ಖಾತೆಗಳನ್ನು ನೋಡಿಕೊಳ್ಳುವ ಮಾನ್ಯ ಸಚಿವರಿಗೆ, ನಮ್ಮ ಮೂರು ಜಿಲ್ಲೆಗಳ ಜನಪ್ರತಿನಿಧಿಗಳಿಗೆ, ಹೊಳೆ ದಂಡೆಯ ಊರುಗಳ ನನ್ನ ಜನಕ್ಕೆ,

ಮಾನ್ಯರೇ, ನಮಸ್ಕಾರಗಳು.

ನಾನು ತುಮಕೂರು ಜಿಲ್ಲೆಯ ಮಧುಗಿರಿ ತಾಲ್ಲೂಕಿನವನು. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದೆ. ಈಗ ನಿವೃತ್ತಿಯಾಗಿ ತೋಟ ನೋಡಿಕೊಂಡಿದ್ದೇನೆ. ತೋಟದ ಕೊನೆಯ ತೆಂಗಿನ ಸಾಲು ಮುಗಿದರೆ ಜಯಮಂಗಲಿ ಹೊಳೆ. ನೀರು ಕೊಡಿ ಅಂತ ಕೇಳುವ ಪತ್ರಗಳು ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದಿಂದ ನಿಮಗೆ ಬಹಳ ಬಂದಿವೆ. ನಾನು ಇವತ್ತು ಬರೆಯುತ್ತಿರುವುದು ಹೊಳೆಯ ಮರಳು, ಮಣ್ಣಿನ ಬಗ್ಗೆ. ದಯವಿಟ್ಟು ಪೂರ್ತಿ ಓದಿ.

ಜಯಮಂಗಲಿ ದೊಡ್ಡ ನದಿಯೇನಲ್ಲ. ದೇವರಾಯನದುರ್ಗದ ಬೆಟ್ಟದಲ್ಲಿ ಹುಟ್ಟಿ, ಕೊರಟಗೆರೆ, ಮಧುಗಿರಿ ಸೀಮೆ ದಾಟಿ, ಹಿಂದೂಪುರದ ಕಡೆ ಹೋಗಿ ಉತ್ತರ ಪಿನಾಕಿನಿಗೆ ಸೇರುತ್ತದೆ. ಉತ್ತರ ಪಿನಾಕಿನಿ ನಂದಿ ಬೆಟ್ಟದ ಸಾಲಿನಲ್ಲಿ ಹುಟ್ಟಿ, ಗೌರಿಬಿದನೂರು, ವಿದುರಾಶ್ವತ್ಥ ಹಾದು ಆಂಧ್ರಕ್ಕೆ ಹೋಗುತ್ತದೆ. ಅಲ್ಲಿ ಅದರ ಹೆಸರು ಪೆನ್ನಾ. ಕಡಪ, ನೆಲ್ಲೂರು ದಾಟಿ, ಒಟ್ಟು 597 ಕಿಲೋಮೀಟರ್ ಹರಿದು ಬಂಗಾಳ ಕೊಲ್ಲಿ ಸೇರುತ್ತದೆ. ಚಿತ್ರಾವತಿ, ಪಾಪಾಗ್ನಿ ಕೂಡ ಚಿಕ್ಕಬಳ್ಳಾಪುರದ ಕಡೆಯಿಂದ ಹೋಗಿ ಅದೇ ಪೆನ್ನಾ ಸೇರುತ್ತವೆ. ದಕ್ಷಿಣ ಪಿನಾಕಿನಿ, ಪಾಲಾರ್ ತಮಿಳುನಾಡಿಗೆ ಹೋಗುತ್ತವೆ. ಅರ್ಕಾವತಿ, ಶಿಂಷಾ ಕಾವೇರಿಗೆ. ನಮ್ಮದು ಬರದ ಸೀಮೆ ಅಂತಾರೆ. ಆದರೆ ಇಷ್ಟೊಂದು ನದಿಗಳ ತಲೆಯ ಹತ್ತಿರ ಕೂತಿರುವವರು ನಾವೇ.

ತಲೆಯಲ್ಲಿ ಕೂತವರ ಕೆಲಸ ಏನು? ಕೆಳಕ್ಕೆ ನೀರು ಕಳಿಸುವುದು. ನೀರಿನ ಜೊತೆ ಮಣ್ಣು, ಮರಳು ಕಳಿಸುವುದು. ನಮ್ಮ ಬೆಟ್ಟಗಳೆಲ್ಲ ಕರಿಕಲ್ಲಿನವು. ಬಿಸಿಲು, ಮಳೆಗೆ ಕಲ್ಲು ಸೀಳಿ, ಪುಡಿಯಾಗಿ, ಹಳ್ಳಕ್ಕೆ ಇಳಿದು ಮರಳಾಗುತ್ತದೆ. ಒಂದೊಂದು ಪ್ರವಾಹಕ್ಕೂ ಒಂದಿಷ್ಟು ದೂರ ಸರಿಯುತ್ತದೆ. ದೇವರಾಯನದುರ್ಗದ ಒಂದು ಕಾಳು ಮರಳು ಸಮುದ್ರ ಮುಟ್ಟಬೇಕಾದರೆ ಎಷ್ಟೋ ತಲೆಮಾರು ಬೇಕು. ಆ ನಡಿಗೆಯೇ ನದಿ ಅಂತ ನಾನು ಮಕ್ಕಳಿಗೆ ಹೇಳುತ್ತಿದ್ದೆ. ಈಗ ಆ ನಡಿಗೆ ನಿಂತಿದೆ.

ನಾನು ಹುಡುಗನಾಗಿದ್ದಾಗ ಹೊಳೆ ದಾಟುವುದು ಒಂದು ದೊಡ್ಡ ಕೆಲಸ. ನೀರಿಗೆ ಹೆದರಿ ಅಲ್ಲ, ಮರಳಿಗೆ. ಗಾಡಿಯ ಚಕ್ರ ಅಚ್ಚಿನ ತನಕ ಹೂತುಹೋಗುತ್ತಿತ್ತು. ಎತ್ತುಗಳು ನೊರೆ ಸುರಿಸುತ್ತಿದ್ದವು. ಬೇಸಿಗೆಯಲ್ಲಿ ಮೇಲೆ ಬಿಳಿ ಮರಳು ಕಾದು ಕಾಲು ಸುಡುತ್ತಿತ್ತು. ಮೊಣಕೈ ಆಳ ಕೈಯಲ್ಲಿ ಬಗೆದರೆ ತಣ್ಣನೆ ಒರತೆ. ಹೆಂಗಸರು ಚಿಲುಮೆ ತೋಡಿ, ಕರಟದಲ್ಲಿ ಮೊಗೆದು ಬಿಂದಿಗೆ ತುಂಬುತ್ತಿದ್ದರು. ಆ ನೀರು ಕುಡಿದು ಬೆಳೆದವನು ನಾನು.

ನಮ್ಮ ಕಡೆ ತಲಪರಿಗೆ ಅನ್ನುವುದೊಂದಿದೆ. ಬೇರೆ ಜಿಲ್ಲೆಯವರಿಗೆ ಈ ಮಾತು ಗೊತ್ತಿರಲಿಕ್ಕಿಲ್ಲ. ಮಧುಗಿರಿ, ಕೊರಟಗೆರೆ, ಪಾವಗಡ, ಶಿರಾ ಕಡೆಯ ಹೊಳೆ, ಹಳ್ಳ, ಕೆರೆ ಅಂಗಳಗಳಲ್ಲಿ ಮರಳಿನೊಳಗಿಂದ ತಾನಾಗಿ ಉಕ್ಕುವ ನೀರಿನ ಸೆಲೆ ಅದು. ಅದಕ್ಕೆ ಕಲ್ಲು ಕಟ್ಟಿ, ಕಾಲುವೆ ತೆಗೆದು, ಸರದಿ ಪ್ರಕಾರ ಗದ್ದೆಗೆ ಹಾಯಿಸುತ್ತಿದ್ದರು. ಮೋಟಾರು ಬೇಡ, ಕರೆಂಟು ಬೇಡ. ವರ್ಷಕ್ಕೊಮ್ಮೆ ಊರವರೆಲ್ಲ ಸೇರಿ ಹೂಳು ತೆಗೆದು, ಪೂಜೆ ಮಾಡುತ್ತಿದ್ದರು. ನಮ್ಮೂರಿನ ತಲಪರಿಗೆಯಲ್ಲಿ ಎರಡು ಬೆಳೆ ಭತ್ತ ತೆಗೆದಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಈಗ ಅದು ಒಂದು ಒಣ ಗುಂಡಿ. ಸುತ್ತ ಬಳ್ಳಾರಿ ಜಾಲಿ ಬೆಳೆದಿದೆ.

ಇದರ ಲೆಕ್ಕ ಸುಲಭ. ಒಂದು ಎಕರೆ ಹೊಳೆ ಪಾತ್ರದಲ್ಲಿ ಹತ್ತಡಿ ಆಳ ದಪ್ಪ ಮರಳಿದೆ ಅಂದುಕೊಳ್ಳಿ. ಕಾಳಿನ ನಡುವಿನ ಸಂದಿಯಲ್ಲಿ, ಅದರ ಗಾತ್ರದ ಕಾಲು ಭಾಗ ನೀರು ನಿಂತರೂ 30 ಲಕ್ಷ ಲೀಟರ್ ಆಗುತ್ತದೆ. ಬಿಸಿಲಿಗೆ ಹೆಚ್ಚು ಆರುವುದಿಲ್ಲ. ಸೊಳ್ಳೆ ಇಲ್ಲ. ಶೋಧಿಸಿದ ನೀರು. ಇಂಥ ಟ್ಯಾಂಕನ್ನು ಯಾವ ಸರ್ಕಾರಕ್ಕೂ ಕಟ್ಟಿಕೊಡಲು ಆಗುವುದಿಲ್ಲ, ಅಲ್ವಾ?

ಆ ಮರಳು ಎಲ್ಲಿಗೆ ಹೋಯಿತು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಮೊದಲು ಟ್ರ್ಯಾಕ್ಟರ್ ಬಂದವು. ಆಮೇಲೆ ಲಾರಿ. ಆಮೇಲೆ ರಾತ್ರಿಯೆಲ್ಲಾ ಜೆಸಿಬಿ ಸದ್ದು. ಬೆಂಗಳೂರು ಬೆಳೆಯುತ್ತಿತ್ತು. ನಾವು ಅದರ ಪಕ್ಕದಲ್ಲಿದ್ದೆವು. ಹೊಳೆ ಪಾತ್ರ ಖಾಲಿಯಾದ ಮೇಲೆ ದಂಡೆ ಕೊರೆದರು. ದಂಡೆಯೂ ಮುಗಿದ ಮೇಲೆ ಫಿಲ್ಟರ್ ಮರಳು ಶುರುವಾಯಿತು. ಕೆರೆ ಅಂಗಳದ, ಗೋಮಾಳದ, ಕೊನೆಗೆ ಹೊಲದ ಮಣ್ಣನ್ನೇ ಅಗೆದು, ಹೊಂಡದಲ್ಲಿ ನೀರು ಹಾಕಿ ತೊಳೆದು, ತಳಕ್ಕಿಳಿದ ಮರಳನ್ನು ಮಾರುವುದು. ತೊಳೆದ ಕೆಸರು ಹಳ್ಳಕ್ಕೆ. ಬೆಳೆ ಕೊಡುವ ಮಣ್ಣು ಹಾಳು, ಹಳ್ಳವೂ ಹಾಳು, ತೊಳೆಯಲು ಬಳಸಿದ ಬೋರ್‌ವೆಲ್ ನೀರೂ ಹಾಳು. ಇದು ಕಾನೂನಿಗೆ ವಿರುದ್ಧ ಅಂತ ಎಲ್ಲರಿಗೂ ಗೊತ್ತಿದ್ದೇ ನಡೆಯಿತು.

ತಪ್ಪು ಬೇರೆಯವರದ್ದು ಮಾತ್ರ ಅಂತ ನಾನು ಹೇಳುವುದಿಲ್ಲ. 1998ರಲ್ಲಿ ನಾನು ಕಟ್ಟಿದ ಮನೆಗೆ ಬಂದ ಮರಳೂ ಇದೇ ಹೊಳೆಯದ್ದು. ಲೋಡಿಗೆ ದುಡ್ಡು ಕೊಟ್ಟು ತಂದೆ. ಆಗ ನನಗೆ ಈ ಯೋಚನೆ ಬರಲಿಲ್ಲ. ನಮ್ಮೂರ ಹುಡುಗರು ಬೇರೆ ಕೂಲಿ ಸಿಗದೆ ಲಾರಿಗೆ ಮರಳು ತುಂಬಲು ಹೋದರು. ಅವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ.

ಮರಳು ಹೋದ ಮೇಲೆ ಬಾವಿಗಳು ಸತ್ತವು. ನಮ್ಮ ತಂದೆ ತೋಡಿಸಿದ ಬಾವಿ ಮೂವತ್ತು ಅಡಿಯದು. ಹೊಳೆ ಪಾತ್ರವೇ ಕೆಳಕ್ಕೆ ಇಳಿದಾಗ, ಬಾವಿಯ ನೀರು ಹೊಳೆಯ ಕಡೆಗೇ ಸೋರಿ ಖಾಲಿಯಾಯಿತು. ಬೋರ್ ಕೊರೆಸಿದೆವು. ನೂರೈವತ್ತು ಅಡಿ, ನಾನೂರು ಅಡಿ, ಈಗ ಸಾವಿರ ದಾಟಿದೆ. ಆಳದ ಕಲ್ಲಿನ ನೀರಲ್ಲಿ ಫ್ಲೋರೈಡ್. ಪಾವಗಡದ, ಕೋಲಾರದ ಮಕ್ಕಳ ಹಳದಿ ಹಲ್ಲು, ಮುದುಕರ ಬಾಗಿದ ಮೂಳೆ ನೋಡಿದ್ದೀರಿ. ಅದಕ್ಕೆ ಶುದ್ಧ ನೀರಿನ ಘಟಕ ಕೊಟ್ಟಿರಿ, ಒಳ್ಳೆಯದು. ಆದರೆ ಮರಳಿನಿಂದ ಆ ಹಲ್ಲಿನ ತನಕ ಇರುವ ದಾರಿಯನ್ನು ಒಂದು ಸಲ ನಡೆದು ನೋಡಿ ಅಂತ ನನ್ನ ಬೇಡಿಕೆ.

ಇನ್ನು ಚೆಕ್ ಡ್ಯಾಂಗಳ, ಅಂದರೆ ಹೊಳೆಗೆ ಅಡ್ಡವಾಗಿ ಕಟ್ಟುವ ಸಣ್ಣ ಕಟ್ಟೆಗಳ ವಿಷಯ. ಇದನ್ನು ಹೇಳುವಾಗ ನನಗೆ ಸ್ವಲ್ಪ ಅಳುಕು. ಚೆಕ್ ಡ್ಯಾಂ ಕಟ್ಟಿ ಅಂತ ಹತ್ತಾರು ಅರ್ಜಿಗೆ ನಾನೇ ಸಹಿ ಹಾಕಿದ್ದೇನೆ. ಕಟ್ಟಿದ ಮೊದಲ ಎರಡು ವರ್ಷ ಅಕ್ಕಪಕ್ಕದ ಬೋರ್‌ಗಳಿಗೆ ಜೀವ ಬಂದಿದ್ದು ನಿಜ. ಆದರೆ ಆಮೇಲೆ ಏನಾಯಿತು?

ಹೊಳೆ ಬಂದಾಗಲೆಲ್ಲ ನೀರನ್ನು ಗಾಜಿನ ಬಾಟಲಿಯಲ್ಲಿ ಹಿಡಿದಿಡುವುದು ನನ್ನ ಹಳೇ ಅಭ್ಯಾಸ. ಸ್ಕೂಲಿನಲ್ಲಿದ್ದಾಗ ಮಕ್ಕಳಿಗೆ ತೋರಿಸಲು ಶುರು ಮಾಡಿದ್ದು, ಈಗಲೂ ಬಿಟ್ಟಿಲ್ಲ. ಒಂದು ಬಾಟಲಿ ಚೆಕ್ ಡ್ಯಾಂನ ಮೇಲಿನಿಂದ, ಒಂದು ಕೆಳಗಿನಿಂದ. ಎರಡು ದಿನ ಅಲುಗಾಡಿಸದೆ ಇಟ್ಟು, ತಳದಲ್ಲಿ ಕೂತಿದ್ದನ್ನು ಸ್ಕೇಲಿನಲ್ಲಿ ಅಳೆದು ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಮೇಲಿನ ಬಾಟಲಿಯಲ್ಲಿ ಮೊದಲು ಮರಳು, ಅದರ ಮೇಲೆ ಗೋಡು, ಅಂದರೆ ನಯವಾದ ಹೂಳು ಮಣ್ಣು, ಪದರ ಪದರವಾಗಿ ಕೂತಿರುತ್ತದೆ. ಕೆಳಗಿನ ಬಾಟಲಿಯಲ್ಲಿ ಮರಳೇ ಇಲ್ಲ. ತೆಳ್ಳಗೆ ಕೆಂಪು ಕೆನೆ ಮಾತ್ರ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಕೆಂಪು ನೀರು. ಬಣ್ಣ ನೋಡಿ ಹೊಳೆ ಮಣ್ಣು ಹೊರುತ್ತಿದೆ ಅಂತ ನಂಬಿದರೆ ಮೋಸ ಹೋಗುತ್ತೇವೆ.

ಕಟ್ಟೆಯ ಹಿಂದೆ ನಿಂತ ಮರಳಾದರೂ ನಮಗೆ ಉಳಿಯಿತಾ? ಅದೂ ಇಲ್ಲ. ನಿಂತ ನೀರಿನಲ್ಲಿ ನಯವಾದ ಜೇಡಿ ಕೂತು, ಮರಳಿನ ಮೇಲೆ ಗಾರೆ ಹಚ್ಚಿದ ಹಾಗೆ ಮುಚ್ಚಿಬಿಡುತ್ತದೆ. ನೀರು ಕೆಳಗೆ ಇಳಿಯುವುದಿಲ್ಲ. ಮಾಗಿಯ ಹೊತ್ತಿಗೆ ಆರಿ ಬಿರುಕು ಬಿಟ್ಟಿರುತ್ತದೆ. ನಮ್ಮೂರ ಮೇಲಿನ ಚೆಕ್ ಡ್ಯಾಂ ಈಗ ಅಂಚಿನ ತನಕ ತುಂಬಿದೆ, ಮಣ್ಣಿನಿಂದ. ಅದರ ಮೇಲೆ ಹುಲ್ಲು ಬೆಳೆದು ಕುರಿ ಮೇಯುತ್ತವೆ.

ಕಟ್ಟೆಯ ಕೆಳಗೆ ನಡೆದಿದ್ದು ಇನ್ನೂ ಕೆಟ್ಟದ್ದು. ನೀರಿಗೆ ಹೊರುವ ಶಕ್ತಿ ಇದೆ. ಹೊರಲು ಮಣ್ಣು ಸಿಗದಿದ್ದರೆ ಅದು ಸಿಕ್ಕಿದ್ದನ್ನು ಕಿತ್ತುಕೊಳ್ಳುತ್ತದೆ. ನದಿ ವಿಜ್ಞಾನಿಗಳು ಇದನ್ನು ಹಸಿದ ನೀರು ಅಂತಲೇ ಕರೆಯುತ್ತಾರೆ. 2022ರ ಮಳೆಗಾಲದಲ್ಲಿ ಜಯಮಂಗಲಿ ದಂಡೆ ಮೀರಿ ಬಂತು. ವರ್ಷಗಟ್ಟಲೆ ಕಾದಿದ್ದ ಹೊಳೆ ಅಂತ ಊರೆಲ್ಲ ಬಾಗಿನ ಕೊಡಲು ಓಡಿತು. ನೀರು ಇಳಿದ ಮೇಲೆ ನೋಡಿದರೆ ನಮ್ಮ ದಂಡೆಯ ಹನ್ನೊಂದು ತೆಂಗಿನ ಮರ ಬೇರು ಸಮೇತ ಹೋಗಿದ್ದವು. ತಗ್ಗಿನ ಸೇತುವೆಯ ಕಂಬದ ಬುಡ, ನಾನು ಹುಟ್ಟಿದಾಗಿನಿಂದ ಮರಳೊಳಗೆ ಇದ್ದದ್ದು, ಬರಿಗಾಲಿನ ಹಾಗೆ ಹೊರಗೆ ಕಾಣುತ್ತಿತ್ತು. ಹಳೇ ಪ್ರವಾಹಗಳೂ ದಂಡೆ ಕೊರೆಯುತ್ತಿದ್ದವು. ಆದರೆ ಆಚೆ ದಂಡೆಯಲ್ಲಿ ಮರಳು ಬಿಟ್ಟುಹೋಗುತ್ತಿದ್ದವು. ಈ ಸಲ ಏನೂ ಬಿಟ್ಟುಹೋಗಲಿಲ್ಲ.

ಆಮೇಲೆ ನಾನು ಒಂದು ಕಚೇರಿಗೆ ಹೋದೆ. ಹೆಸರು ಬೇಡ, ದೂರು ಒಬ್ಬರ ಮೇಲಲ್ಲ. ನಮ್ಮ ಹೊಳೆಯ ಚೆಕ್ ಡ್ಯಾಂಗಳಲ್ಲಿ ಎಷ್ಟು ಹೂಳು ತುಂಬಿದೆ, ವರ್ಷಕ್ಕೆ ಎಷ್ಟು ಮರಳು ಬರುತ್ತದೆ, ಎಷ್ಟು ಹೋಗುತ್ತದೆ ಅಂತ ಕೇಳಿದೆ. ಅಲ್ಲಿದ್ದ ಎಂಜಿನಿಯರ್ ಒಳ್ಳೆಯ ಹುಡುಗ. ಕೂರಿಸಿ, ಟೀ ತರಿಸಿ, ಫೈಲು ತೆಗೆದು ತೋರಿಸಿದರು. ಕಟ್ಟೆಯ ಉದ್ದ, ಎತ್ತರ, ನಿಲ್ಲುವ ನೀರು, ಖರ್ಚು, ಎಲ್ಲಕ್ಕೂ ಒಂದೊಂದು ಕಾಲಂ ಇತ್ತು. ಹೂಳಿಗೆ ಇರಲಿಲ್ಲ. "ಸರ್, ಇದನ್ನ ಯಾರೂ ಕೇಳೇ ಇಲ್ಲ" ಅಂದರು. ಆ ಮಾತು ನನ್ನನ್ನು ಈ ಪತ್ರ ಬರೆಯಲು ಕೂರಿಸಿತು.

ನೀವು ಕೇಳಬಹುದು, ಒಂದು ಸಣ್ಣ ಹೊಳೆಗೆ ಇಷ್ಟು ದೊಡ್ಡ ಪತ್ರ ಯಾಕೆ ಅಂತ. ಸಣ್ಣ ಹೊಳೆಗೆ ಆಗಿದ್ದೇ ದೊಡ್ಡ ನದಿಗಳಿಗೂ ಆಗುತ್ತಿದೆ. ಅಲ್ಲಿ ಅಳೆದಿದ್ದಾರೆ, ಅದಕ್ಕೇ ಗೊತ್ತಾಗಿದೆ.

ಕೃಷ್ಣಾ ನದಿಯನ್ನು ನೋಡಿ. 1960ರ ದಶಕದ ಕೊನೆಯಲ್ಲಿ ಅದು ತನ್ನ ಮುಖಜಭೂಮಿಗೆ, ಅಂದರೆ ಸಮುದ್ರ ಸೇರುವ ಕಡೆ ಹೂಳಿನಿಂದಲೇ ಆದ ನೆಲಕ್ಕೆ, ವರ್ಷಕ್ಕೆ ಸುಮಾರು 90 ಲಕ್ಷ ಟನ್ ಹೂಳು ತರುತ್ತಿತ್ತು. 2000ದಿಂದ 2005ರ ಹೊತ್ತಿಗೆ ಅದು 4 ಲಕ್ಷ ಟನ್ನಿಗೆ ಇಳಿಯಿತು. ಗೋದಾವರಿ 1970ರ ದಶಕದಲ್ಲಿ ವರ್ಷಕ್ಕೆ 15 ಕೋಟಿ ಟನ್ ತರುತ್ತಿದ್ದದ್ದು, 2000ದ ನಂತರ 6 ಕೋಟಿಗಿಂತ ಕಡಿಮೆ. ಹೂಳು ಬಾರದ ದಡವನ್ನು ಸಮುದ್ರ ತಿನ್ನುತ್ತದೆ. ಈ ಎರಡು ನದಿಗಳ ಮುಖಜಭೂಮಿಯ ಕರಾವಳಿಯಲ್ಲಿ 1965ರಿಂದ 2008ರ ನಡುವೆ ಸುಮಾರು 76 ಚದರ ಕಿಲೋಮೀಟರ್ ನೆಲ ಸಮುದ್ರ ಪಾಲಾಯಿತು. ಇದನ್ನು ಅಧ್ಯಯನ ಮಾಡಿದವರು ಅಣೆಕಟ್ಟುಗಳಲ್ಲಿ ಹೂಳು ಸಿಕ್ಕಿಕೊಂಡಿದ್ದೇ ಮುಖ್ಯ ಕಾರಣ ಅಂತ ಹೇಳಿದ್ದಾರೆ.

ಆ ಹೂಳು ಎಲ್ಲಿ ಕೂತಿದೆ ಅಂತ ಹುಡುಕಲು ಆಂಧ್ರಕ್ಕೆ ಹೋಗಬೇಕಾಗಿಲ್ಲ. ಕೃಷ್ಣೆಯ ಮಗಳೇ ಆದ ತುಂಗಭದ್ರೆ ಹೊಸಪೇಟೆಯಲ್ಲಿದ್ದಾಳೆ. 1953ರಲ್ಲಿ ಆ ಅಣೆಕಟ್ಟು ಕಟ್ಟಿದಾಗ ಅದರಲ್ಲಿ ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿತ್ತು (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ). ಈಗ ಲೆಕ್ಕಕ್ಕೆ ಹಿಡಿಯುವುದು 105.788 ಟಿಎಂಸಿ. ಸುಮಾರು 27 ಟಿಎಂಸಿ ಜಾಗ ಹೂಳಿನ ಪಾಲು. ಒಂದು ಟಿಪ್ಪರಿಗೆ ಹತ್ತು ಘನ ಮೀಟರ್ ಅಂತ ಹಿಡಿದರೂ ಇದು ಏಳೂವರೆ ಕೋಟಿ ಟಿಪ್ಪರ್ ಮಣ್ಣು. ನಮ್ಮ ಪಾವಗಡಕ್ಕೆ ಕುಡಿಯುವ ನೀರು ತರುವ ಯೋಜನೆ ನೆಚ್ಚಿಕೊಂಡಿರುವುದು ಅದೇ ಜಲಾಶಯದ ಹಿನ್ನೀರನ್ನು. ಹೋದ ಜಾಗಕ್ಕೆ ಬದಲಾಗಿ ಕೊಪ್ಪಳ ಜಿಲ್ಲೆಯ ನವಲಿಯಲ್ಲಿ ಇನ್ನೊಂದು ಜಲಾಶಯ ಕಟ್ಟುವ ಮಾತು ವರ್ಷಗಳಿಂದ ನಡೆದಿದೆ. ಅದಕ್ಕೂ ಹೂಳು ಬಂದರೆ ಮುಂದೆ ಎಲ್ಲಿ ಕಟ್ಟುವುದು?

ಇಡೀ ಲೋಕದ ಕತೆಯೂ ಇದೇ. 2005ರಲ್ಲಿ ವಿಜ್ಞಾನಿಗಳು ಒಂದು ಲೆಕ್ಕ ಕೊಟ್ಟರು. ಮನುಷ್ಯನ ಉಳುಮೆ, ಕಾಡು ಕಡಿತ, ಗಣಿಯಿಂದಾಗಿ ಪ್ರಪಂಚದ ನದಿಗಳಿಗೆ ಸೇರುವ ಮಣ್ಣು ವರ್ಷಕ್ಕೆ 230 ಕೋಟಿ ಟನ್ನಿನಷ್ಟು ಜಾಸ್ತಿಯಾಗಿದೆ. ಆದರೆ ಸಮುದ್ರ ಮುಟ್ಟುವ ಮಣ್ಣು 140 ಕೋಟಿ ಟನ್ನಿನಷ್ಟು ಕಡಿಮೆಯಾಗಿದೆ. ಐವತ್ತು ವರ್ಷಗಳಲ್ಲಿ ಅಣೆಕಟ್ಟುಗಳ ಹಿಂದೆ 10,000 ಕೋಟಿ ಟನ್ನಿಗೂ ಹೆಚ್ಚು ಸಿಕ್ಕಿಕೊಂಡಿದೆ. ಇದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿ ಹೊಲದ ಕಡೆ ಹೋದೆ. ಹೊಲದ ಮೇಲ್ಮಣ್ಣು ಮಳೆಗೆ ಕೊಚ್ಚಿ ಹೋಗುತ್ತಲೇ ಇದೆ. ಅದು ಹೋಗಬೇಕಾದ ಕಡೆ ಹೋಗುತ್ತಿಲ್ಲ. ಎರಡೂ ಕಡೆ ನಷ್ಟ.

ನೈಲ್ ನದಿಗೆ 1970ರಲ್ಲಿ ಅಸ್ವಾನ್ ಅಣೆಕಟ್ಟು ಮುಗಿದ ಮೇಲೆ ಅದರ ಮುಖಜಭೂಮಿಗೆ ಹೊಸ ಗೋಡು ಬರುವುದು ಹೆಚ್ಚೂಕಡಿಮೆ ನಿಂತೇ ಹೋಯಿತು. ಚೀನಾದ ಹಳದಿ ನದಿ ಒಂದು ಕಾಲಕ್ಕೆ ವರ್ಷಕ್ಕೆ 160 ಕೋಟಿ ಟನ್ ಹೊರುತ್ತಿತ್ತು. ಈಗ ಅದರ ಐದನೇ ಒಂದು ಭಾಗವೂ ಇಲ್ಲ. ಅಲ್ಲಿ ಎಲ್ಲವೂ ಕೆಟ್ಟ ಕಾರಣದಿಂದ ಆಗಿಲ್ಲ. ಗುಡ್ಡಗಳಿಗೆ ಮೆಟ್ಟಿಲು ಬದು ಹಾಕಿ, ಹುಲ್ಲು, ಮರ ಬೆಳೆಸಿ ಮಣ್ಣು ಉಳಿಸಿದ್ದೂ ಒಂದು ದೊಡ್ಡ ಕಾರಣ. ಹೊಲದ ಮಣ್ಣು ಹೊಲದಲ್ಲೇ ಉಳಿದರೆ ಅದು ಲಾಭ. ಬದು ಹಾಕುವ ಕೆಲಸ ನಿಲ್ಲಿಸಿ ಅಂತ ನಾನು ಕೇಳುತ್ತಿಲ್ಲ, ಇನ್ನೂ ಜಾಸ್ತಿ ಮಾಡಿ. ನನ್ನ ದೂರು ಇರುವುದು ಹೊಳೆಗೆ ಬಿದ್ದ ಮೇಲೆ ಸಿಕ್ಕಿಕೊಂಡ, ಕದ್ದುಹೋದ ಮರಳಿನ ಬಗ್ಗೆ. ಅದೇ ಹಳದಿ ನದಿಯಲ್ಲಿ 2002ರಿಂದ ಶಿಯಾವ್‌ಲಾಂಗ್‌ಡಿ ಅಣೆಕಟ್ಟಿನಿಂದ ರಭಸವಾಗಿ ನೀರು ಬಿಟ್ಟು, ಹೂಳನ್ನು ಸಮುದ್ರದ ತನಕ ತಳ್ಳುವ ಕೆಲಸವನ್ನು ಲೆಕ್ಕ ಹಾಕಿ ಮಾಡುತ್ತಿದ್ದಾರೆ. ಮನಸ್ಸು ಮಾಡಿದರೆ ಆಗುತ್ತದೆ ಅನ್ನುವುದಕ್ಕೆ ಇಷ್ಟು ಹೇಳಿದೆ.

ನಮ್ಮಲ್ಲಿ ನದಿ ಅಂದರೆ ಟಿಎಂಸಿ ಅಷ್ಟೇ. 1892ರ ಮೈಸೂರು-ಮದರಾಸು ಒಪ್ಪಂದದಲ್ಲಿ ಉತ್ತರ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ, ಪಾಲಾರ್ ಹೆಸರೆಲ್ಲ ಇವೆ. ಅಲ್ಲಿಂದ ಇಲ್ಲಿಯ ತನಕ ಹಂಚಿಕೊಂಡಿದ್ದು ನೀರು. ಕೆಳಗಿನವರ ಪಾಲಿನ ಮರಳನ್ನು ಹಂಚಿಕೆಯಲ್ಲಿ ಯಾರೂ ಇಟ್ಟಿಲ್ಲ.

ಹೋದ ವರ್ಷ ನೆಲ್ಲೂರಿಗೆ ಹೋಗಿದ್ದೆ. ಅಲ್ಲಿ ರಂಗನಾಥನ ದೇವಸ್ಥಾನ ಪೆನ್ನಾ ದಂಡೆಯಲ್ಲೇ ಇದೆ. ಮೆಟ್ಟಿಲ ಮೇಲೆ ಕೂತಿದ್ದ ಒಬ್ಬ ಮುದುಕರಿಗೆ, ಈ ನದಿ ಹುಟ್ಟುವ ಕಡೆಯಿಂದ ಬಂದಿದ್ದೇನೆ ಅಂದೆ. ನಮಗೆ ತೆಲುಗು ಮನೆಮಾತಿನಷ್ಟೇ ಸಲೀಸು. ಅವರು ತಕ್ಷಣ ಕೇಳಿದ್ದು, "ಪೈನ ವಾನಲು ಪಡ್ಡಾಯಾ?" ಮೇಲೆ ಮಳೆ ಬಿತ್ತಾ ಅಂತ. ಬಿತ್ತು ಅಂದೆ. ಅವರ ಮುಖ ಅರಳಿತು. ನಾವು ಕಳಿಸಬೇಕಾಗಿದ್ದ ಇನ್ನೊಂದು ವಸ್ತುವಿನ ಬಗ್ಗೆ ಅವರು ಕೇಳಲಿಲ್ಲ. ಕೇಳಿದ್ದರೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಮ್ಮ ಮರಳಿಗೂ ಅವರ ಊರಿಗೂ ನಡುವೆ ಮೊದಲು ನಮ್ಮ ಚೆಕ್ ಡ್ಯಾಂಗಳು, ಆಮೇಲೆ ಮಿಡ್ ಪೆನ್ನಾರ್, ಮೈಲವರಂ, ಕೊನೆಗೆ 78 ಟಿಎಂಸಿಯ ಸೋಮಶಿಲ ಅಣೆಕಟ್ಟುಗಳು.

ಈಗ ನನ್ನ ಬೇಡಿಕೆಗಳು. ದೊಡ್ಡ ದುಡ್ಡಿನ ಕೆಲಸ ಯಾವುದೂ ಇಲ್ಲ.

ಮೊದಲನೆಯದು ಅಳೆಯುವುದು. ಕೇಂದ್ರ ಜಲ ಆಯೋಗ ದೊಡ್ಡ ನದಿಗಳ ಹಲವು ಕಡೆ ನೀರಿನ ಜೊತೆ ಹೂಳನ್ನೂ ಅಳೆಯುತ್ತದೆ. ಅದೇ ಕೆಲಸ ಜಯಮಂಗಲಿ, ಉತ್ತರ ಪಿನಾಕಿನಿ, ಚಿತ್ರಾವತಿ, ಪಾಲಾರ್‌ಗಳಲ್ಲಿ ನಡೆಯಲಿ. ಈ ಹೊಳೆಗಳು ವರ್ಷದಲ್ಲಿ ಕೆಲವೇ ದಿನ ಹರಿಯುತ್ತವೆ. ಆ ದಿನಗಳಲ್ಲೇ ವರ್ಷದ ಮರಳೆಲ್ಲ ಸರಿಯುತ್ತದೆ. ತಿಂಗಳಿಗೊಮ್ಮೆ ಬಂದು ನೋಡಿದರೆ ಏನೂ ಸಿಗುವುದಿಲ್ಲ, ಪ್ರವಾಹದ ದಿನವೇ ಬರಬೇಕು. ದಂಡೆಯ ಹೈಸ್ಕೂಲುಗಳಿಗೆ ಬಾಟಲಿ, ತಕ್ಕಡಿ ಕೊಟ್ಟರೆ ಮೇಷ್ಟ್ರು, ಮಕ್ಕಳು ಸೇರಿ ಅರ್ಧ ಕೆಲಸ ಮಾಡುತ್ತಾರೆ. ಪ್ರತಿ ಚೆಕ್ ಡ್ಯಾಂ, ಪ್ರತಿ ಕೆರೆಯ ಫೈಲಿನಲ್ಲಿ ತುಂಬಿದ ಹೂಳಿಗೆ ಒಂದು ಕಾಲಂ ಸೇರಿಸಿ. ಎರಡು ವರ್ಷಕ್ಕೊಮ್ಮೆ ಅದನ್ನು ಭರ್ತಿ ಮಾಡಿ.

ಚೆಕ್ ಡ್ಯಾಂ ಕಟ್ಟುವ ರೀತಿ ಬದಲಾಗಲಿ. ನಮ್ಮದೇ ರಾಜ್ಯದ ದಕ್ಷಿಣ ಕನ್ನಡ, ಉಡುಪಿ ಕಡೆ ಕಿಂಡಿ ಅಣೆಕಟ್ಟುಗಳಿವೆ. ಮಳೆಗಾಲದಲ್ಲಿ ಹಲಗೆ ತೆಗೆದಿಡುತ್ತಾರೆ. ನೀರು, ಮರಳು ಕಿಂಡಿಯಲ್ಲಿ ಹಾದುಹೋಗುತ್ತವೆ. ಮಳೆ ಕಡಿಮೆಯಾದ ಮೇಲೆ ಹಲಗೆ ಹಾಕಿ ತಿಳಿ ನೀರು ನಿಲ್ಲಿಸುತ್ತಾರೆ. ನಮ್ಮ ಕಡೆ ಮಳೆ ಅಷ್ಟಿಲ್ಲ, ಹಾಗೇ ನಕಲು ಮಾಡಿದರೆ ನೀರು ಪೂರ್ತಿ ಹೋಗಿಬಿಡಬಹುದು ಅನ್ನುವ ಭಯ ನನಗೂ ಇದೆ. ಆದರೆ ಪ್ರವಾಹದ ಮೊದಲ ಗಂಟೆಗಳಲ್ಲಿ ಕಿಂಡಿ ತೆರೆದು, ಕೆಸರು ನೀರು ಹೋದ ಮೇಲೆ ಮುಚ್ಚಿದರೆ ನೀರೂ ನಿಲ್ಲುತ್ತದೆ, ಮರಳೂ ಸರಿಯುತ್ತದೆ. ಇದಕ್ಕೆ ಊರಲ್ಲೇ ಒಬ್ಬ ಜವಾಬ್ದಾರಿಯ ಮನುಷ್ಯ ಬೇಕು. ಕೆರೆಯ ತೂಬು ಎತ್ತಲು ನಮ್ಮ ಹಿರಿಯರು ನೀರಗಂಟಿಯನ್ನು ಇಟ್ಟಿದ್ದರು. ಹೊಳೆಗೂ ಒಬ್ಬ ನೀರಗಂಟಿ ಇರಲಿ, ಅವನಿಗೆ ಸಂಬಳ ಕೊಡಿ. ಒಂದು ಹೊಳೆಯಲ್ಲಿ, ನಾಲ್ಕೇ ಕಟ್ಟೆಯಲ್ಲಿ ಮೂರು ವರ್ಷ ಮಾಡಿ ನೋಡಿ. ಅಲ್ಲಿಯ ತನಕ ಜಯಮಂಗಲಿ ಮೇಲೆ ಹೊಸ ಗಟ್ಟಿ ಕಟ್ಟೆ ಬೇಡ.

ಕೆರೆ ಹೂಳಿನ ವಿಷಯದಲ್ಲಿ ನಮ್ಮ ಹಿರಿಯರು ನಮಗಿಂತ ಜಾಣರು. ಬೇಸಿಗೆಯಲ್ಲಿ ಕೆರೆ ಒಣಗಿದಾಗ ಗಾಡಿಗಟ್ಟಲೆ ಗೋಡು ಹೊಡೆದು ಹೊಲಕ್ಕೆ ಹಾಕುತ್ತಿದ್ದರು. ಹೊಲದಿಂದ ಬಂದ ಮಣ್ಣು ಹೊಲಕ್ಕೇ ವಾಪಸ್ಸು. ರಾಗಿ ಎದೆಯೆತ್ತರ ಬರುತ್ತಿತ್ತು. ಈಗ ಹೂಳೆತ್ತುವ ಕಾಮಗಾರಿ ಅಂತ ಬರುತ್ತದೆ. ಗೋಡು ಇಟ್ಟಿಗೆ ಭಟ್ಟಿಗೆ, ಬಡಾವಣೆ ತುಂಬಲು ಹೋಗುತ್ತದೆ, ಅಥವಾ ಕೆರೆ ಅಂಚಿನಲ್ಲೇ ಗುಡ್ಡೆ ಹಾಕುತ್ತಾರೆ, ಮುಂದಿನ ಮಳೆಗೆ ಮತ್ತೆ ಒಳಗೆ. ಗೋಡು ಮೊದಲು ಆ ಕೆರೆ ಅಚ್ಚುಕಟ್ಟಿನ ಮತ್ತು ಮೇಲಿನ ಹೊಲದ ರೈತರಿಗೆ ಅಂತ ಆದೇಶ ಮಾಡಿ. ಸಾಗಿಸುವ ಖರ್ಚು ಸಣ್ಣ ರೈತರಿಗೆ ದೊಡ್ಡದು, ಅದರಲ್ಲಿ ಒಂದು ಪಾಲು ಕೊಡಿ. ಬೆಂಗಳೂರಿನ ಕೊಳಚೆ ಸಂಸ್ಕರಿಸಿದ ನೀರು ತುಂಬಿಸಿದ ಕೋಲಾರ, ಚಿಕ್ಕಬಳ್ಳಾಪುರದ ಕೆರೆಗಳ ಗೋಡನ್ನು ಮಾತ್ರ ಪರೀಕ್ಷೆ ಮಾಡಿಸಿಯೇ ಹೊಲಕ್ಕೆ ಬಿಡಿ. ಅಲ್ಲಿನ ರೈತರ ಆತಂಕ ಸುಮ್ನೆ ಅಲ್ಲ.

ಮರಳು ತೆಗೆಯುವ ವಿಷಯ. 2012ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಮರಳು ತೆಗೆಯುವ ಸಣ್ಣ ಬ್ಲಾಕಿಗೂ ಪರಿಸರ ಅನುಮತಿ ಬೇಕು ಅಂತ ಹೇಳಿತು. ಕೇಂದ್ರ ಸರ್ಕಾರದ 2016ರ ಮತ್ತು 2020ರ ಮಾರ್ಗಸೂಚಿಗಳು ತೆಗೆದ ಮರಳು ಮತ್ತೆ ಎಷ್ಟು ತುಂಬುತ್ತದೆ ಅನ್ನುವುದನ್ನು ಅಧ್ಯಯನ ಮಾಡಬೇಕು ಅನ್ನುತ್ತವೆ. ಜಿಲ್ಲಾ ಸಮೀಕ್ಷಾ ವರದಿ ಮಾಡಬೇಕು ಅನ್ನುತ್ತವೆ. ಆ ವರದಿಯಲ್ಲಿ ನಮ್ಮ ಹೊಳೆಯ ಬಗ್ಗೆ ಏನು ಬರೆದಿದೆ ಅನ್ನುವುದನ್ನು ಕನ್ನಡದಲ್ಲಿ, ದಂಡೆಯ ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಿ. ನಾವು ಹೊಳೆಗೆ ಹೋಗಿ ತಾಳೆ ನೋಡುತ್ತೇವೆ. ಮರಳು ತುಂಬುತ್ತಿಲ್ಲ ಅಂತಾದ ಕಡೆ ಒಂದು ಬುಟ್ಟಿಯನ್ನೂ ತೆಗೆಯಲು ಬಿಡಬೇಡಿ. ತಲಪರಿಗೆ ಇರುವ, ಇದ್ದ ಜಾಗಗಳನ್ನು ಗುರುತಿಸಿ, ಸುತ್ತ ಮರಳು ಮುಟ್ಟದ ಹಾಗೆ ಕಾಯಿರಿ. ಫಿಲ್ಟರ್ ಹೊಂಡಗಳನ್ನು ಒಂದು ದಿನ ಮುಚ್ಚಿಸಿ ಫೋಟೋ ತೆಗೆಸಿಕೊಂಡು ಹೋದರೆ ಸಾಲದು. ಮಣ್ಣು ಕೊಟ್ಟ ಜಮೀನು, ಕೊಂಡ ಕಟ್ಟಡ, ಎರಡೂ ಕಡೆ ಕೇಸು ಆಗಬೇಕು.

ದಂಡೆಯ ಊರಿನ ನನ್ನ ಜನಕ್ಕೂ ಒಂದು ಮಾತು. ನಮ್ಮ ಜಮೀನಿನ ಬದು ನಾವೇ ಸರಿ ಮಾಡಿಕೊಳ್ಳಬೇಕು. ಮನೆ ಕಟ್ಟುವಾಗ ಎಂ ಸ್ಯಾಂಡ್, ಅಂದರೆ ಕಲ್ಲು ಪುಡಿ ಮಾಡಿ ತಯಾರಿಸಿದ ಮರಳು ಬಳಸಿ. ರಾತ್ರಿ ಟ್ರ್ಯಾಕ್ಟರ್ ಸದ್ದು ಕೇಳಿದರೆ ಮಗ್ಗುಲು ಬದಲಿಸಿ ಮಲಗಬೇಡಿ. ನಾನು ಹಾಗೆ ಎಷ್ಟೋ ವರ್ಷ ಮಲಗಿದ್ದೆ.

ಸಚಿವರೇ, ಈ ಸಲ ಹೊಳೆ ಬಂದ ದಿನ ನಿಮ್ಮ ಇಲಾಖೆಯಿಂದ ಒಬ್ಬ ಎಂಜಿನಿಯರನ್ನು ನಮ್ಮೂರಿಗೆ ಕಳಿಸಿ. ಕಟ್ಟೆಯ ಮೇಲಿಂದ ಒಂದು, ಕೆಳಗಿಂದ ಒಂದು, ಎರಡು ಬಾಟಲಿ ನೀರು ಅವರ ಎದುರೇ ಹಿಡಿದು ಕೊಡುತ್ತೇನೆ. ನನ್ನ ಹಳೇ ನೋಟ್‌ಬುಕ್ಕುಗಳನ್ನೂ ಕೊಡುತ್ತೇನೆ. ಎರಡು ದಿನ ನಿಮ್ಮ ಮೇಜಿನ ಮೇಲೆ ಅಲುಗಾಡಿಸದೆ ಇಡಿ. ತಳದಲ್ಲಿ ಕೂತಿದ್ದನ್ನು ನೀವೇ ಅಳೆದು, ಆ ಖಾಲಿ ಕಾಲಂನಲ್ಲಿ ಮೊದಲ ಅಂಕಿ ಬರೆಯಿರಿ.

ಇಂತಿ ನಿಮ್ಮ ವಿಶ್ವಾಸಿ,
ಜಯಮಂಗಲಿ ದಂಡೆಯ ಒಬ್ಬ ನಿವೃತ್ತ ಮೇಷ್ಟ್ರು, ರೈತ
ಮಧುಗಿರಿ ತಾಲ್ಲೂಕು, ತುಮಕೂರು ಜಿಲ್ಲೆ